ಕೌಂಟಿಗೊಂದು ಪೊಲೀಸ್ ಪಡೆ ಏಕೆ? ಎಸೆಕ್ಸ್‌ನ ಚರಿತ್ರೆಯಲ್ಲಿ ಸಿಗುವ ಉತ್ತರ

ಓದುಗರ ಪ್ರಶ್ನೆ: ಇಂಗ್ಲೆಂಡಿನ ಪತ್ತೇದಾರಿ ಕಥೆಗಳಲ್ಲಿ ಒಂದೊಂದು ಕೌಂಟಿಗೂ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶಕ್ಕೂ, ಪ್ರತ್ಯೇಕ ಪೊಲೀಸ್ ಪಡೆ ಇರುತ್ತದೆ. ಅದರ ಮುಖ್ಯಸ್ಥನಾದ ಚೀಫ್ ಕಾನ್‌ಸ್ಟೆಬಲ್ ಸಾಮಾನ್ಯವಾಗಿ ಸೇನೆಯಿಂದ ಬಂದ ಕ್ಯಾಪ್ಟನ್ನನೋ ಮೇಜರನೋ ಆಗಿರುತ್ತಾನೆ. ಕೊಲೆಯಂಥ ದೊಡ್ಡ ಪ್ರಕರಣವಾದರೆ ಸ್ಕಾಟ್ಲೆಂಡ್ ಯಾರ್ಡಿನವರನ್ನು ಕರೆಸುತ್ತಾರೆ. ಅಷ್ಟು ಚಿಕ್ಕ ದೇಶಕ್ಕೆ ಇಷ್ಟೊಂದು ಪಡೆಗಳೇಕೆ? ಇವು ಯಾರ ಅಧೀನದಲ್ಲಿದ್ದವು? ಯಾವುದಾದರೂ ಒಂದು ಕೌಂಟಿಯ ಚರಿತ್ರೆಯನ್ನು ಮುಂದಿಟ್ಟುಕೊಂಡು ವಿವರಿಸುವಿರಾ?

ಉತ್ತರ: ಮೊದಲು ಸ್ಕಾಟ್ಲೆಂಡ್ ಯಾರ್ಡಿನ ವಿಷಯ. ಅದು ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರ ಕೇಂದ್ರ ಕಚೇರಿಯೇ ಹೊರತು ಇಡೀ ಇಂಗ್ಲೆಂಡಿನ ಪೊಲೀಸ್ ಕಚೇರಿಯಲ್ಲ. ಇಂಗ್ಲೆಂಡಿಗೆ ರಾಷ್ಟ್ರಮಟ್ಟದ ಒಂದೇ ಪೊಲೀಸ್ ಪಡೆ ಎಂದೂ ಇರಲಿಲ್ಲ, ಇಂದೂ ಇಲ್ಲ. ಇದಕ್ಕೆ ಸ್ವಾತಂತ್ರ್ಯಪ್ರಿಯತೆ ಕಾರಣವೆಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಕಾಗದಪತ್ರಗಳನ್ನು ಓದುತ್ತ ಹೋದಂತೆ ನನಗೆ ಹೆಚ್ಚಾಗಿ ಕಂಡದ್ದು ಇನ್ನೊಂದು ಕಾರಣ: ಪೊಲೀಸರಿಗೆ ಸಂಬಳ ಕೊಡಬೇಕಾದವರು ಆಯಾ ಕೌಂಟಿಯ ತೆರಿಗೆದಾರರು, ಆ ಹಣದ ಮೇಲೆ ಹಿಡಿತವಿದ್ದವರು ಅಲ್ಲಿಯ ಜಮೀನುದಾರ ಮ್ಯಾಜಿಸ್ಟ್ರೇಟರು, ಮತ್ತು ತಮ್ಮ ಹಣದಿಂದ ನಡೆಯುವ ಪಡೆಯ ಕೀಲಿಕೈಯನ್ನು ಲಂಡನ್ನಿನ ಮಂತ್ರಿಗೆ ಒಪ್ಪಿಸಲು ಅವರು ಸುತರಾಂ ಸಿದ್ಧರಿರಲಿಲ್ಲ. ಲಂಡನ್ನಿನ ಪೂರ್ವಕ್ಕೆ, ಥೇಮ್ಸ್ ನದಿಯ ಉತ್ತರ ದಡದಿಂದ ಆರಂಭವಾಗುವ ಎಸೆಕ್ಸ್ ಕೌಂಟಿಯನ್ನು ಉದಾಹರಣೆಯಾಗಿ ಆರಿಸಿಕೊಳ್ಳುತ್ತೇನೆ. ಮೊದಮೊದಲು ಹುಟ್ಟಿದ ಕೌಂಟಿ ಪಡೆಗಳಲ್ಲಿ ಅದೂ ಒಂದು. ನೀವು ಕೇಳಿದ ಮೂರೂ ಸಂಗತಿಗಳು ಅದರ ಚರಿತ್ರೆಯಲ್ಲಿ ಸ್ಪಷ್ಟವಾಗಿ ಸಿಗುತ್ತವೆ.

ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಇಂಗ್ಲೆಂಡಿನ ಹಳ್ಳಿಗಳಲ್ಲಿ ಶಾಂತಿ ಕಾಯುವ ಹೊಣೆ ಪ್ಯಾರಿಷ್‌ನ, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರಿನ, ಕಾನ್‌ಸ್ಟೆಬಲ್‌ನದಾಗಿತ್ತು. ಅವನು ವೃತ್ತಿನಿರತ ಪೊಲೀಸನಲ್ಲ; ಚಮ್ಮಾರನೋ ಬಡಗಿಯೋ ಸಣ್ಣ ರೈತನೋ ಆಗಿದ್ದು, ಒಂದು ವರ್ಷದ ಸರದಿಯ ಮೇಲೆ ಸಂಬಳವಿಲ್ಲದೆ ಆ ಕೆಲಸ ಮಾಡುತ್ತಿದ್ದ. ವಾರಂಟ್ ಜಾರಿ ಮಾಡಿದರೆ, ಕೈದಿಯನ್ನು ಸೆರೆಮನೆಗೆ ಮುಟ್ಟಿಸಿದರೆ ಒಂದಿಷ್ಟು ಶುಲ್ಕ ಸಿಗುತ್ತಿತ್ತು. ಅವನ ಮೇಲಿದ್ದವರು ಮ್ಯಾಜಿಸ್ಟ್ರೇಟರು, ಅಂದರೆ ಕೌಂಟಿಯ ಜಮೀನುದಾರರು ಮತ್ತು ಪಾದ್ರಿಗಳು. ಇವರು ಮೂರು ತಿಂಗಳಿಗೊಮ್ಮೆ ಕೂಡುತ್ತಿದ್ದ ತ್ರೈಮಾಸಿಕ ಸಭೆಯಲ್ಲಿ ಅಪರಾಧಗಳ ವಿಚಾರಣೆಯೂ ನಡೆಯುತ್ತಿತ್ತು. ಸೇತುವೆ ದುರಸ್ತಿ, ಸೆರೆಮನೆಯ ಖರ್ಚು, ತೆರಿಗೆಯ ದರ ಇವೆಲ್ಲವೂ ಅಲ್ಲಿಯೇ ತೀರ್ಮಾನವಾಗುತ್ತಿದ್ದವು. ಎಸೆಕ್ಸ್‌ನಲ್ಲಿ ಈ ಸಭೆ ಕೂಡುತ್ತಿದ್ದುದು ಚೆಲ್ಮ್ಸ್‌ಫರ್ಡ್ ಪಟ್ಟಣದ ಶೈರ್ ಹಾಲ್‌ನಲ್ಲಿ. ಕೌಂಟಿಯ ಮಟ್ಟಿಗೆ ನ್ಯಾಯಾಂಗ, ಆಡಳಿತ, ಖಜಾನೆ ಮೂರೂ ಅದೇ ಆಗಿತ್ತೆಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ.

1829ರಲ್ಲಿ ಗೃಹ ಸಚಿವ ರಾಬರ್ಟ್ ಪೀಲ್ ಲಂಡನ್ನಿಗೆ ಮೆಟ್ರೊಪಾಲಿಟನ್ ಪೊಲೀಸ್ ಪಡೆಯನ್ನು ಕಟ್ಟಿದರು. 1835ರ ಪುರಸಭಾ ಕಾಯ್ದೆಯು ಬರೋ ಎಂದು ಕರೆಯಲಾಗುವ ಸನ್ನದು ಪಡೆದ ಪಟ್ಟಣಗಳು ಕಾವಲು ಸಮಿತಿಯನ್ನು ರಚಿಸಿ ಪೊಲೀಸರನ್ನು ನೇಮಿಸಿಕೊಳ್ಳಬೇಕೆಂದು ವಿಧಿಸಿತು. ಉಳಿದದ್ದು ಹಳ್ಳಿಗಾಡು. ಅಲ್ಲಿಯ ಪರಿಸ್ಥಿತಿ ಶಾಂತವಾಗಿತ್ತೆಂದು ಹೇಳುವಂತಿಲ್ಲ. 1830ರಲ್ಲಿ ಎಸೆಕ್ಸ್ ಸೇರಿದಂತೆ ದಕ್ಷಿಣ ಮತ್ತು ಪೂರ್ವ ಇಂಗ್ಲೆಂಡಿನ ಕೂಲಿಕಾರರು ಒಕ್ಕಣೆ ಯಂತ್ರಗಳನ್ನು ಒಡೆದು, ಬಣವೆಗಳಿಗೆ ಬೆಂಕಿಯಿಟ್ಟಿದ್ದರು. 1834ರ ಬಡವರ ಕಾಯ್ದೆಯು ನಿರ್ಗತಿಕರನ್ನು ದುಡಿಮೆಮನೆಗಳಿಗೆ ತಳ್ಳಿದ್ದರಿಂದ ಅಸಮಾಧಾನ ಇನ್ನೂ ಹೆಚ್ಚಿತು. 1838–39ರಲ್ಲಿ ಮತದಾನದ ಹಕ್ಕಿಗಾಗಿ ಚಾರ್ಟಿಸ್ಟ್ ಚಳವಳಿ ಎದ್ದಾಗ ಸರ್ಕಾರಕ್ಕೆ ನಿಜವಾದ ಗಾಬರಿ ಹುಟ್ಟಿತು. ಅಷ್ಟರಲ್ಲಿ ಆಡಳಿತ ಸುಧಾರಕ ಎಡ್ವಿನ್ ಚಾಡ್ವಿಕ್, ಲಂಡನ್ ಪೊಲೀಸ್ ಕಮಿಷನರ್ ಚಾರ್ಲ್ಸ್ ರೋವನ್ ಮತ್ತು ಚಾರ್ಲ್ಸ್ ಶಾ-ಲಫೆವರ್ ಇದ್ದ ರಾಯಲ್ ಆಯೋಗವು ಹಳ್ಳಿಗಾಡಿಗೂ ಸಂಬಳದ ಪೊಲೀಸರು ಬೇಕೆಂದು 1839ರಲ್ಲಿ ವರದಿ ಕೊಟ್ಟಿತ್ತು. ಚಾಡ್ವಿಕ್‌ಗೆ ಬೇಕಾಗಿದ್ದುದು ಲಂಡನ್ನಿನಿಂದ ನಿಯಂತ್ರಿತವಾದ, ದೇಶವ್ಯಾಪಿಯಾದ ವ್ಯವಸ್ಥೆ. ಸಂಸತ್ತಿನಲ್ಲಿ ಕುಳಿತಿದ್ದ ಜಮೀನುದಾರರು ಒಪ್ಪಿದ್ದು ಅದರ ಅರ್ಧವನ್ನು ಮಾತ್ರ.

ಹೀಗೆ ಬಂದದ್ದು 1839ರ ಕೌಂಟಿ ಪೊಲೀಸ್ ಕಾಯ್ದೆ. ಇದರ ಮೂಲ ಗುಣವೆಂದರೆ ಇದು ಯಾರನ್ನೂ ಬಲವಂತ ಮಾಡಲಿಲ್ಲ. ಬೇಕಿದ್ದ ಕೌಂಟಿಯ ಮ್ಯಾಜಿಸ್ಟ್ರೇಟರು ತಮ್ಮ ತ್ರೈಮಾಸಿಕ ಸಭೆಯಲ್ಲಿ ನಿರ್ಣಯಿಸಿ ಪಡೆಯನ್ನು ರಚಿಸಿಕೊಳ್ಳಬಹುದಿತ್ತು, ಬೇಡವಾದವರು ಸುಮ್ಮನಿರಬಹುದಿತ್ತು. ಸಾವಿರ ಜನಸಂಖ್ಯೆಗೆ ಒಬ್ಬ ಕಾನ್‌ಸ್ಟೆಬಲ್‌ಗಿಂತ ಹೆಚ್ಚು ನೇಮಿಸುವಂತಿರಲಿಲ್ಲ. ಚೀಫ್ ಕಾನ್‌ಸ್ಟೆಬಲ್‌ನನ್ನು ಮ್ಯಾಜಿಸ್ಟ್ರೇಟರು ಆರಿಸಬೇಕು, ಗೃಹ ಸಚಿವರು ಅನುಮೋದಿಸಬೇಕು. ಆದರೆ ಒಮ್ಮೆ ನೇಮಕವಾದ ಮೇಲೆ ಕೆಳಗಿನವರನ್ನು ತೆಗೆದುಕೊಳ್ಳುವುದು, ಶಿಕ್ಷಿಸುವುದು, ವಜಾ ಮಾಡುವುದು ಬಹುಮಟ್ಟಿಗೆ ಅವನದೇ ಅಧಿಕಾರ. ಪಟ್ಟಣದ ಪೊಲೀಸರಿಗೂ ಕೌಂಟಿಯ ಪೊಲೀಸರಿಗೂ ಇದ್ದ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಬರೋದಲ್ಲಿ ನೇಮಕವೂ ವಜಾವೂ ಚುನಾಯಿತ ಸದಸ್ಯರ ಕಾವಲು ಸಮಿತಿಯ ಕೈಯಲ್ಲಿದ್ದವು. ಅಲ್ಲಿಯ ಮುಖ್ಯಸ್ಥ ಸಮಿತಿಯ ನೌಕರನಂತೆ ನಡೆದುಕೊಳ್ಳಬೇಕಿತ್ತು. ಕೌಂಟಿಯಲ್ಲಿ ಮುಖ್ಯಸ್ಥನೇ ಯಜಮಾನ.

ಕಾಯ್ದೆಯನ್ನು ಮೊದಲು ಬಳಸಿಕೊಂಡದ್ದು ವಿಲ್ಟ್‌ಶೈರ್; ಅಲ್ಲಿ 1839ರ ನವೆಂಬರಿನಲ್ಲೇ ಪಡೆ ರಚನೆಯಾಯಿತು. ಎಸೆಕ್ಸ್‌ನ ಮ್ಯಾಜಿಸ್ಟ್ರೇಟರೂ ತಡ ಮಾಡಲಿಲ್ಲ. 1840ರ ಫೆಬ್ರವರಿ 11ರಂದು ಅವರು ನೌಕಾಪಡೆಯ ಅಧಿಕಾರಿ ಜಾನ್ ಬಂಚ್ ಬೊನೆಮೈಸನ್ ಮೆಕ್‌ಹಾರ್ಡಿಯನ್ನು ಚೀಫ್ ಕಾನ್‌ಸ್ಟೆಬಲ್ ಆಗಿ ಆರಿಸಿದರು. ಥೇಮ್ಸ್ ನದಿಯ ಆಚೆ ದಡದ ಕೆಂಟ್ ಕೌಂಟಿ ಮಾತ್ರ 1857ರವರೆಗೂ ಕಾಯುತ್ತ ಕುಳಿತಿತು. ಒಂದೇ ನದಿಯ ಎರಡು ದಡಗಳಲ್ಲಿ ಹದಿನೇಳು ವರ್ಷ ಎರಡು ಬಗೆಯ ಕಾವಲು ವ್ಯವಸ್ಥೆಗಳು ನಡೆದವೆಂದರೆ 'ಬೇಕಾದರೆ ಮಾಡಿಕೊಳ್ಳಿ' ಎಂಬ ಕಾಯ್ದೆಯ ಪರಿಣಾಮ ಎಂಥದ್ದೆಂದು ಊಹಿಸಬಹುದು.

ಇನ್ನು ಸೇನೆಯ ಕ್ಯಾಪ್ಟನ್ನರ ವಿಷಯ. ಮೆಕ್‌ಹಾರ್ಡಿ ಪೊಲೀಸ್ ಕೆಲಸ ಮಾಡಿದವರಲ್ಲ. ನೌಕಾಪಡೆಯಲ್ಲೂ ಕರಾವಳಿ ಕಾವಲಿನಲ್ಲೂ ಇದ್ದವರು. ಕೊಲ್ಲಿ, ಅಳಿವೆ, ಜೌಗುನೆಲಗಳಿಂದ ತುಂಬಿ ಕಳ್ಳಸಾಗಣೆಗೆ ಹೆಸರಾಗಿದ್ದ ಎಸೆಕ್ಸ್ ತೀರಕ್ಕೆ ಕರಾವಳಿ ಕಾವಲಿನ ಅನುಭವ ಉಪಯುಕ್ತವೇ ಆಗಿತ್ತೆನ್ನಿ. ಆದರೂ ಇಂಥವರನ್ನು ಆರಿಸುತ್ತಿದ್ದುದಕ್ಕೆ ಮುಖ್ಯ ಕಾರಣ ಸಾಮಾಜಿಕವಾದದ್ದು. ಚೀಫ್ ಕಾನ್‌ಸ್ಟೆಬಲ್ ಜಮೀನುದಾರರ ಜೊತೆ ಸಮಸಮನಾಗಿ ಕುಳಿತು ಮಾತನಾಡಬಲ್ಲವನಾಗಿರಬೇಕು, ಅವರ ಮನೆಯ ಊಟದ ಮೇಜಿಗೆ ಆಹ್ವಾನಿಸಲು ಯೋಗ್ಯನಾಗಿರಬೇಕು ಎಂಬುದು ಯಾವ ಕಾಯ್ದೆಯಲ್ಲೂ ಬರೆಯದೆ ಎಲ್ಲರೂ ಪಾಲಿಸುತ್ತಿದ್ದ ನಿಯಮವಾಗಿತ್ತು. ಗಸ್ತಿನಿಂದ ಮೇಲೇರಿ ಬಂದ ಸೂಪರಿಂಟೆಂಡೆಂಟ್ ಎಷ್ಟೇ ಜಾಣನಾಗಿದ್ದರೂ ಆ ಮೇಜಿಗೆ ಸಲ್ಲುತ್ತಿರಲಿಲ್ಲ. ಸೇನಾಧಿಕಾರಿಗೆ ಹುಟ್ಟಿನ ಅಂತಸ್ತೂ ಇತ್ತು, ಆಳುಗಳನ್ನು ಶಿಸ್ತಿನಲ್ಲಿಡುವ ಅಭ್ಯಾಸವೂ ಇತ್ತು. ಹೀಗಾಗಿ ಎಸೆಕ್ಸ್‌ನಲ್ಲಿ 1840ರಿಂದ 1962ರವರೆಗೆ, ಅಂದರೆ 122 ವರ್ಷಗಳಲ್ಲಿ, ಐವರು ಮಾತ್ರ ಆ ಸ್ಥಾನದಲ್ಲಿದ್ದರು: ಮೆಕ್‌ಹಾರ್ಡಿ, ಮೇಜರ್ ಪೊಯ್ಂಟ್ಸ್, ಕ್ಯಾಪ್ಟನ್ ಶವರ್ಸ್, ಕ್ಯಾಪ್ಟನ್ ಯುನೆಟ್ ಮತ್ತು ಕ್ಯಾಪ್ಟನ್ ಪೀಲ್. ಐವರ ಹೆಸರಿನ ಹಿಂದೆಯೂ ಸೇನೆಯದೋ ನೌಕಾಪಡೆಯದೋ ಪದವಿಯಿತ್ತು. ಲಂಡನ್ನಿನಲ್ಲಿ ಸಾಮಾನ್ಯ ಕಾನ್‌ಸ್ಟೆಬಲ್ ಆಗಿ ವೃತ್ತಿ ಆರಂಭಿಸಿದ ಜಾನ್ ನೈಟಿಂಗೇಲ್ 1962ರಲ್ಲಿ ಮುಖ್ಯಸ್ಥರಾದಾಗ ಆ ಸಂಪ್ರದಾಯ ಮುಗಿಯಿತು. ನಿಮ್ಮ ಕಥೆಗಳ ಕ್ಯಾಪ್ಟನ್ನರು ಲೇಖಕರ ಕಲ್ಪನೆಯಲ್ಲ.

ಮೆಕ್‌ಹಾರ್ಡಿ 1881ರವರೆಗೆ, ಅಂದರೆ 41 ವರ್ಷ, ಆ ಕುರ್ಚಿಯಲ್ಲಿದ್ದರು. ಅಷ್ಟರಲ್ಲಿ ನೌಕಾಪಡೆಯ ನಿವೃತ್ತರ ಪಟ್ಟಿಯಲ್ಲಿ ಅಡ್ಮಿರಲ್ ಪದವಿಗೂ ಏರಿದ್ದರು. ಅವರನ್ನು ನಾನು ಮೆಚ್ಚುವುದು ಕಳ್ಳರನ್ನು ಹಿಡಿದದ್ದಕ್ಕಲ್ಲ, ಲೆಕ್ಕ ಬರೆದದ್ದಕ್ಕೆ. ಹೊಸ ಪೊಲೀಸರು ದುಬಾರಿ, ಹಳೆಯ ಪ್ಯಾರಿಷ್ ಕಾನ್‌ಸ್ಟೆಬಲ್ಲೇ ಸಾಕು ಎಂದು ತೆರಿಗೆದಾರರು ಮತ್ತೆ ಮತ್ತೆ ತಕರಾರು ತೆಗೆಯುತ್ತಿದ್ದರು. ಒಪ್ಪಿದ ಕೌಂಟಿಗಳಲ್ಲೂ ಪಡೆಯನ್ನು ರದ್ದುಪಡಿಸಿ ಎಂಬ ಅರ್ಜಿಗಳು ಬರುತ್ತಿದ್ದವು. ಇದಕ್ಕೆ ಮೆಕ್‌ಹಾರ್ಡಿ ಕಂಡುಕೊಂಡ ಉತ್ತರವೆಂದರೆ ಪೊಲೀಸರಿಗೆ ಬೇರೆ ಬೇರೆ ಕೆಲಸಗಳನ್ನು ವಹಿಸಿ, ಆ ಕೆಲಸಗಳಿಗೆ ಹಿಂದೆ ಎಷ್ಟು ಖರ್ಚಾಗುತ್ತಿತ್ತು, ಈಗ ಎಷ್ಟು ಉಳಿಯಿತು ಎಂದು ತೋರಿಸುವುದು. ತೂಕ ಮತ್ತು ಅಳತೆಗಳ ತಪಾಸಣೆ, ಅಲೆಮಾರಿಗಳ ಮೇಲ್ವಿಚಾರಣೆ, ಕೈದಿಗಳ ಸಾಗಾಟ ಎಲ್ಲವೂ ಆ ಲೆಕ್ಕದೊಳಗೆ ಬಂದವು. 1853ರಲ್ಲಿ ಪೊಲೀಸ್ ವ್ಯವಸ್ಥೆಯನ್ನು ಪರಿಶೀಲಿಸಲು ಕೂತ ಸಂಸದೀಯ ಸಮಿತಿಯ ಮುಂದೆ ಅವರು ಇಂಥ ಅಂಕಿಗಳೊಂದಿಗೆ ಸಾಕ್ಷ್ಯ ನುಡಿದು, ಸುಸಂಘಟಿತ ಕೌಂಟಿ ಪಡೆ ಕೊನೆಗೆ ಅಗ್ಗವೇ ಆಗುತ್ತದೆಂದು ವಾದಿಸಿದರು. ಆ ಲೆಕ್ಕಗಳಲ್ಲಿ ಕೆಲವು ಉದಾರವಾದ ಅಂದಾಜುಗಳು ಎಂದು ನನಗನ್ನಿಸುತ್ತದೆ. ಆದರೆ ಜಮೀನುದಾರರ ಮನಸ್ಸನ್ನು ಗೆಲ್ಲಲು ಅಪರಾಧದ ಭಯಕ್ಕಿಂತ ಉಳಿತಾಯದ ಆಸೆಯೇ ಹೆಚ್ಚು ಪ್ರಯೋಜನಕ್ಕೆ ಬರುತ್ತದೆಂಬುದನ್ನು ಅವರು ಸರಿಯಾಗಿ ಅರಿತಿದ್ದರು.

ಈ ಅಗ್ಗದ ವ್ಯವಸ್ಥೆಯ ಭಾರ ಬಿದ್ದದ್ದು ಕಾನ್‌ಸ್ಟೆಬಲ್‌ನ ಹೆಗಲ ಮೇಲೆ. 1839ರ ನಿಯಮಗಳ ಪ್ರಕಾರ ಅವನ ವಯಸ್ಸು ನಲವತ್ತರೊಳಗಿರಬೇಕು, ಬೂಟಿಲ್ಲದೆ ಐದು ಅಡಿ ಏಳು ಅಂಗುಲ ಎತ್ತರವಿರಬೇಕು, ಓದು ಬರಹ ಬರಬೇಕು. ಹೆಂಡದಂಗಡಿ ಇಟ್ಟುಕೊಂಡಿರಬಾರದು, ಜಮೀನುದಾರರ ಬೇಟೆಕಾಡಿನ ಕಾವಲುಗಾರನೂ ಆಗಿರಬಾರದು. ಬಹುಪಾಲು ಹೊಲದ ಕೂಲಿಯವರೇ ಸೇರುತ್ತಿದ್ದರು. ಕುಡಿತಕ್ಕಾಗಿ ವಜಾ ಆದವರೂ ಬೇಸತ್ತು ಬಿಟ್ಟುಹೋದವರೂ ಮೊದಲ ದಶಕಗಳಲ್ಲಿ ಎಲ್ಲ ಕೌಂಟಿಗಳಲ್ಲೂ ಹೇರಳ. ಊರಿನವರೊಂದಿಗೆ ಸಲಿಗೆ ಬೆಳೆಯದಿರಲೆಂದು ಆಗಾಗ ವರ್ಗಾವಣೆ ಮಾಡುತ್ತಿದ್ದರು. ಮದುವೆಯಾಗಲು ಮೇಲಧಿಕಾರಿಯ ಅನುಮತಿ ಬೇಕಿತ್ತು. ಮದುವೆಯಾದ ಮೇಲೆ ಹೆಂಡತಿಯೂ ಇಲಾಖೆಯ ಆಳೇ: ಗಂಡ ಗಸ್ತಿಗೆ ಹೋದಾಗ ಬಾಗಿಲಿಗೆ ಬಂದವರ ದೂರು ಕೇಳುವವಳು ಅವಳು, ಸಂಬಳ ಮಾತ್ರ ಇಲ್ಲ. ಸಂಸತ್ ಚುನಾವಣೆಯಲ್ಲಿ ಪೊಲೀಸರಿಗೆ ಮತ ಹಾಕುವ ಹಕ್ಕು ಸಿಕ್ಕಿದ್ದು 1887ರಲ್ಲಿ. ಕಾಯ್ದೆಬದ್ಧ ಪಿಂಚಣಿ 1890ರಲ್ಲಿ. ವಾರಕ್ಕೊಂದು ರಜೆಯ ಕಾನೂನು 1910ರಲ್ಲಿ.

ರಾತ್ರಿ ಗಸ್ತಿನ ಒಂದು ಕ್ರಮವನ್ನು ಇಲ್ಲಿ ವಿವರಿಸಬೇಕು, ಏಕೆಂದರೆ ಮುಂದೆ ಹೇಳಲಿರುವ ಒಂದು ಪ್ರಕರಣಕ್ಕೆ ಅದು ಸಂಬಂಧಿಸಿದೆ. ದೂರವಾಣಿ ಇಲ್ಲದ ಕಾಲದಲ್ಲಿ ಕಾನ್‌ಸ್ಟೆಬಲ್ ನಿಜವಾಗಿ ಗಸ್ತು ತಿರುಗುತ್ತಿದ್ದಾನೋ ಯಾವುದೋ ಕೊಟ್ಟಿಗೆಯಲ್ಲಿ ನಿದ್ರಿಸುತ್ತಿದ್ದಾನೋ ಎಂದು ತಿಳಿಯುವುದು ಹೇಗೆ? ಅಕ್ಕಪಕ್ಕದ ಎರಡು ಬೀಟುಗಳ ಗಡಿಯಲ್ಲಿ ಒಂದು ಜಾಗವನ್ನು, ಅಡ್ಡರಸ್ತೆಯನ್ನೋ ಮರವನ್ನೋ, ಗೊತ್ತುಮಾಡಿ, ನಿಗದಿಯಾದ ಹೊತ್ತಿಗೆ ಇಬ್ಬರೂ ಅಲ್ಲಿ ಭೇಟಿಯಾಗಬೇಕೆಂದು ಆದೇಶಿಸುತ್ತಿದ್ದರು. ಒಬ್ಬ ಬಾರದಿದ್ದರೆ ಇನ್ನೊಬ್ಬ ವರದಿ ಮಾಡಬೇಕು. ಸಾರ್ಜೆಂಟ್ ಯಾವಾಗ ಬೇಕಾದರೂ ಅಲ್ಲಿಗೆ ಬಂದು ನಿಂತಿರಬಹುದು. ಮೈಲುಗಟ್ಟಲೆ ಕತ್ತಲಲ್ಲಿ ನಡೆದು ಹೋಗಿ, ಎರಡು ಮಾತಾಡಿ, ಹಿಂತಿರುಗಿ ನಡೆಯುವ ಈ ಕ್ರಮ ಇಪ್ಪತ್ತನೆಯ ಶತಮಾನದಲ್ಲೂ ಮುಂದುವರಿಯಿತು.

ಲಂಡನ್ನಿನ ಕೈ ಕೌಂಟಿಗಳೊಳಗೆ ಬಂದದ್ದು ಹಣದ ದಾರಿಯಿಂದ. 1856ರ ಕಾಯ್ದೆಯು ಎಲ್ಲ ಕೌಂಟಿಗಳಿಗೂ ಪೊಲೀಸ್ ಪಡೆಯನ್ನು ಕಡ್ಡಾಯಗೊಳಿಸಿ, ಪರಿವೀಕ್ಷಣೆಗೆ ಮೂವರು ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಅವರು ದಕ್ಷವೆಂದು ಪ್ರಮಾಣೀಕರಿಸಿದ ಪಡೆಗೆ ಸಂಬಳ ಮತ್ತು ಸಮವಸ್ತ್ರದ ಖರ್ಚಿನ ಕಾಲು ಭಾಗವನ್ನು ಸರ್ಕಾರವೇ ಕೊಡುತ್ತಿತ್ತು. 1874ರಲ್ಲಿ ಅದು ಅರ್ಧಕ್ಕೆ ಏರಿತು. ಆದೇಶ ಕೊಡುವ ಅಧಿಕಾರವಿಲ್ಲದಿದ್ದರೂ ಅನುದಾನ ನಿಲ್ಲಿಸುವ ಅಧಿಕಾರವಿತ್ತು, ಮತ್ತು ಅನುದಾನ ಕಳೆದುಕೊಳ್ಳಲು ಯಾವ ಮ್ಯಾಜಿಸ್ಟ್ರೇಟನಿಗೂ ಇಷ್ಟವಿರಲಿಲ್ಲ. ಐದು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳಿಗೆ ಅನುದಾನವೇ ಇರಲಿಲ್ಲ. ಹಾರಿಚ್ ಮತ್ತು ಸ್ಯಾಫ್ರನ್ ವಾಲ್ಡನ್ ಎಂಬ ಪುಟ್ಟ ಬರೋಗಳು 1857ರಲ್ಲೇ ತಮ್ಮ ಬೆರಳೆಣಿಕೆಯ ಪೊಲೀಸರನ್ನು ಎಸೆಕ್ಸ್ ಪಡೆಗೆ ಒಪ್ಪಿಸಿದವು. ಮಾಲ್ಡನ್ ಪಟ್ಟಣ 1889ರವರೆಗೆ ಎಳೆದಾಡಿತು. ಕೋಲ್ಚೆಸ್ಟರ್ 1947ರವರೆಗೂ ತನ್ನ ಪಡೆಯನ್ನು ಉಳಿಸಿಕೊಂಡಿತ್ತು. ಕಡಲತೀರದ ಸೌತೆಂಡ್ ಅಂತೂ 1914ರಲ್ಲಿ ಎಸೆಕ್ಸ್‌ನಿಂದ ಬೇರ್ಪಟ್ಟು ಸ್ವಂತ ಪಡೆಯನ್ನೇ ಕಟ್ಟಿಕೊಂಡಿತು.

ಇಲ್ಲಿ ನಮ್ಮ ನೆಲಕ್ಕೆ ಸಂಬಂಧಿಸಿದ ಒಂದು ಮಾತು. 1861ರ ಭಾರತೀಯ ಪೊಲೀಸ್ ಕಾಯ್ದೆ ಈ ಕೌಂಟಿ ಪಡೆಗಳ ಸಮಕಾಲೀನವಾದರೂ ಬ್ರಿಟಿಷರು ಇಲ್ಲಿ ಎಸೆಕ್ಸ್ ಮಾದರಿಯನ್ನು ತರಲಿಲ್ಲ. 1843ರಲ್ಲಿ ಸಿಂಧ್ ಪ್ರಾಂತದಲ್ಲಿ ಚಾರ್ಲ್ಸ್ ನೇಪಿಯರ್ ಕಟ್ಟಿದ ಪಡೆಗೆ ಐರ್ಲೆಂಡಿನ ಪೊಲೀಸ್ ವ್ಯವಸ್ಥೆ ಮಾದರಿಯಾಗಿತ್ತು: ಸರ್ಕಾರದ ನೇರ ಹತೋಟಿಯಲ್ಲಿರುವ, ಮೇಲಿನಿಂದ ಕೆಳಕ್ಕೆ ಒಂದೇ ಸರಪಳಿಯ ಪಡೆ. ಬಳ್ಳಾರಿ ಮತ್ತು ಕೆನರಾ ಸೇರಿದ್ದ ಮದರಾಸು ಪ್ರಾಂತದಲ್ಲಿ 1859ರಲ್ಲೇ ಪ್ರತ್ಯೇಕ ಪೊಲೀಸ್ ಕಾಯ್ದೆ ಬಂತು. ಅದರಲ್ಲೂ ಇಡೀ ಪ್ರಾಂತದ ಪಡೆಗೆ ಒಬ್ಬನೇ ಮುಖ್ಯಸ್ಥ. ನಮ್ಮ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ರಾಜಧಾನಿಯ ಕಡೆಗೆ ನೋಡುವುದಕ್ಕೂ ಎಸೆಕ್ಸ್‌ನ ಚೀಫ್ ಕಾನ್‌ಸ್ಟೆಬಲ್ ಚೆಲ್ಮ್ಸ್‌ಫರ್ಡ್ ಕಡೆಗೆ ನೋಡುತ್ತಿದ್ದುದಕ್ಕೂ ಇರುವ ಅಂತರ ಆ ಕಾಲದಿಂದಲೇ ಬಂದದ್ದು. ತಮ್ಮ ಮನೆಯಂಗಳದಲ್ಲಿ ಒಪ್ಪದ ಕೇಂದ್ರೀಕೃತ ಪೊಲೀಸನ್ನು ಅವರು ಆಳಲು ಹೋದ ಕಡೆಯೆಲ್ಲ ನೆಟ್ಟರು.

1888ರಲ್ಲಿ ಚುನಾಯಿತ ಕೌಂಟಿ ಕೌನ್ಸಿಲ್‌ಗಳು ಬಂದಾಗ ಪೊಲೀಸರು ಅವುಗಳ ಕೈಗೆ ಸಿಗಬೇಕಿತ್ತು. ಸಿಗಲಿಲ್ಲ. ಅರ್ಧ ಕೌನ್ಸಿಲರುಗಳು, ಅರ್ಧ ಮ್ಯಾಜಿಸ್ಟ್ರೇಟರು ಇರುವ ಸ್ಥಾಯಿ ಜಂಟಿ ಸಮಿತಿಯೊಂದನ್ನು ರಚಿಸಿ ಪೊಲೀಸರನ್ನು ಅದಕ್ಕೆ ಒಪ್ಪಿಸಲಾಯಿತು. ಸಮಿತಿ ಗೊತ್ತುಮಾಡಿದ ಖರ್ಚನ್ನು ಕೌನ್ಸಿಲ್ ಪ್ರಶ್ನಿಸದೆ ತುಂಬಿಕೊಡಬೇಕಿತ್ತು. ಮತದಾನದ ಯುಗ ಬಂದ ಮೇಲೂ ಜಮೀನುದಾರರಿಗೆ ಒಂದು ಕುರ್ಚಿ ಕಾದಿರಿಸಿದ ಈ ಏರ್ಪಾಟು 1960ರ ದಶಕದವರೆಗೆ ಉಳಿಯಿತೆಂಬುದು ನನ್ನ ದೃಷ್ಟಿಯಲ್ಲಿ ಕೌಂಟಿ ಪೊಲೀಸ್ ಚರಿತ್ರೆಯ ಅತ್ಯಂತ ವಿಚಿತ್ರ ಸಂಗತಿ.

ಇಂಥ ಪಡೆ ಅಪರಾಧದ ಎದುರು ಹೇಗೆ ಕೆಲಸ ಮಾಡಿತು? ಮೋಟ್ ಫಾರ್ಮ್ ಪ್ರಕರಣದಿಂದ ಅದರ ಬಲ ಮತ್ತು ಮಿತಿ ಎರಡೂ ತಿಳಿಯುತ್ತವೆ. 1899ರಲ್ಲಿ ಸ್ಯಾಮ್ಯುಯೆಲ್ ಡೂಗಲ್ ಎಂಬ ಮಾಜಿ ಸೈನಿಕ ಕಮಿಲ್ ಹಾಲೆಂಡ್ ಎಂಬ ಸ್ಥಿತಿವಂತ ಮಹಿಳೆಯೊಂದಿಗೆ ಕ್ಲೇವರಿಂಗ್ ಬಳಿಯ, ಸುತ್ತ ಕಂದಕವಿದ್ದ ಒಂಟಿ ತೋಟದಮನೆಗೆ ಬಂದು ನೆಲೆಸಿದ. ಕೆಲವೇ ವಾರಗಳಲ್ಲಿ ಆಕೆ ಕಾಣೆಯಾದಳು. ಮುಂದಿನ ನಾಲ್ಕು ವರ್ಷ ಅವನು ಆಕೆಯ ಸಹಿಯನ್ನು ನಕಲು ಮಾಡುತ್ತ ಆಕೆಯ ಹಣದಲ್ಲಿ ಸುಖವಾಗಿ ಬದುಕಿದ. ಊರಿನವರು ಗುಸುಗುಸು ಮಾತಾಡುತ್ತಿದ್ದರು, ಆದರೆ ದೂರು ಕೊಡುವವರು ಯಾರೂ ಇರಲಿಲ್ಲ. 1903ರಲ್ಲಿ ಖೋಟಾ ಸಹಿಯ ಆರೋಪದ ಮೇಲೆ ಅವನ ಬಂಧನವಾದ ಮೇಲೆ ಎಸೆಕ್ಸ್ ಪೊಲೀಸರು ಕಂದಕವನ್ನು ಬರಿದು ಮಾಡಿ, ತೋಟವನ್ನು ವಾರಗಟ್ಟಲೆ ಅಗೆದರು. ಏಪ್ರಿಲ್ 27ರಂದು ಮುಚ್ಚಿಹೋಗಿದ್ದ ಒಂದು ಚರಂಡಿಯಲ್ಲಿ ಶವ ಸಿಕ್ಕಿತು. ಬೂಟುಗಳಿಂದ ಗುರುತು ಹಿಡಿಯಲಾಯಿತು. ಜುಲೈ 14ರಂದು ಚೆಲ್ಮ್ಸ್‌ಫರ್ಡ್ ಸೆರೆಮನೆಯಲ್ಲಿ ಡೂಗಲ್‌ನನ್ನು ಗಲ್ಲಿಗೇರಿಸಿದರು. ಅಗೆಯುವ ತಾಳ್ಮೆ ಕೌಂಟಿ ಪಡೆಗಿತ್ತು. ಆದರೆ ನಾಲ್ಕು ವರ್ಷದ ಗಸ್ತು ಕಾಣದ್ದನ್ನು ಕಂಡದ್ದು ಬ್ಯಾಂಕಿನ ಕಾಗದಗಳು.

ಇದಕ್ಕೆ ತದ್ವಿರುದ್ಧವಾಗಿ, ಕಾಲ್ನಡಿಗೆಯ ಹಳ್ಳಿ ಪೊಲೀಸನೇ ಸಾಕಾದ ಒಂದು ಘಟನೆಯೂ ಇದೆ. 1916ರ ಸೆಪ್ಟೆಂಬರ್ 24ರ ನಡುರಾತ್ರಿಯ ನಂತರ ಜರ್ಮನಿಯ ಎಲ್ 33 ಎಂಬ ಜೆಪ್ಪೆಲಿನ್ ವಾಯುನೌಕೆ ಲಂಡನ್ ಮೇಲೆ ಬಾಂಬು ಹಾಕಿ ಮರಳುವಾಗ ಪೆಟ್ಟು ತಿಂದು ಲಿಟಲ್ ವಿಗ್‌ಬರೋ ಎಂಬ ಹಳ್ಳಿಯ ಬಳಿ ಇಳಿಯಿತು. ಸಿಬ್ಬಂದಿ ನೌಕೆಗೆ ಬೆಂಕಿ ಹಚ್ಚಿ ರಸ್ತೆ ಹಿಡಿದು ನಡೆದರು. ಬೆಂಕಿ ಕಂಡು ಸೈಕಲ್ಲಿನಲ್ಲಿ ಬರುತ್ತಿದ್ದ ಅರೆಕಾಲಿಕ ಸ್ಪೆಷಲ್ ಕಾನ್‌ಸ್ಟೆಬಲ್ ಎಡ್ಗರ್ ನಿಕೊಲಸ್‌ಗೆ ಕಮಾಂಡರ್ ಬೋಕರ್ ಮತ್ತವನ 21 ಮಂದಿ ಎದುರಾದರು. ಬೋಕರ್ ಇಂಗ್ಲಿಷಿನಲ್ಲಿ ಕೋಲ್ಚೆಸ್ಟರ್ ಎಷ್ಟು ದೂರವೆಂದು ವಿಚಾರಿಸಿದ. ನಿಕೊಲಸ್ ಉತ್ತರಿಸಿ, ಅವರ ಜೊತೆಗೇ ಪೆಲ್ಡನ್ ಗ್ರಾಮದವರೆಗೆ ಬಂದರು. ಅಲ್ಲಿ ಕಾನ್‌ಸ್ಟೆಬಲ್ ಚಾರ್ಲ್ಸ್ ಸ್ಮಿತ್ ಅಷ್ಟೂ ಜನರನ್ನು ವಶಕ್ಕೆ ತೆಗೆದುಕೊಂಡು ಸೇನೆಗೆ ಒಪ್ಪಿಸಿದರು. ಸ್ಮಿತ್ ಸಾರ್ಜೆಂಟ್ ಆದರು. 'ಜೆಪ್' ಸ್ಮಿತ್ ಎಂಬ ಅಡ್ಡಹೆಸರು ಕೊನೆಯವರೆಗೂ ಅವರ ಜೊತೆಗಿತ್ತು.

ಸ್ಕಾಟ್ಲೆಂಡ್ ಯಾರ್ಡನ್ನು ಕರೆಸುವ ಪದ್ಧತಿಗೆ ಬಂದರೆ, ಕೌಂಟಿಗಳಲ್ಲಿ ಕೊಲೆ ತನಿಖೆಯ ಅನುಭವವಿದ್ದ ಪತ್ತೇದಾರರು ಕಡಿಮೆ ಎಂಬುದನ್ನು ಮನಗಂಡ ಗೃಹ ಇಲಾಖೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಯಾರ್ಡಿನ ಹಿರಿಯ ಪತ್ತೇದಾರರನ್ನು ಬೇಕಾದವರಿಗೆ ಕಳುಹಿಸುವ ಏರ್ಪಾಟು ಮಾಡಿತ್ತು. ಆದರೆ ಕರೆ ಬರಬೇಕಾದ್ದು ಚೀಫ್ ಕಾನ್‌ಸ್ಟೆಬಲ್‌ನಿಂದ. ಯಾರ್ಡ್ ತಾನಾಗಿ ಬರುವಂತಿರಲಿಲ್ಲ. ಇದಕ್ಕೆ ಎಸೆಕ್ಸ್‌ನ ಅತ್ಯಂತ ಪ್ರಸಿದ್ಧ ಉದಾಹರಣೆ ಕಾನ್‌ಸ್ಟೆಬಲ್ ಜಾರ್ಜ್ ಗಟರಿಜ್ ಅವರ ಕೊಲೆ. 1927ರ ಸೆಪ್ಟೆಂಬರ್ 27ರ ನಸುಕಿನಲ್ಲಿ ಅವರು ಮೇಲೆ ಹೇಳಿದ ಬಗೆಯ ನಿಗದಿತ ಜಾಗದಲ್ಲಿ ಪಕ್ಕದ ಬೀಟಿನ ಸಹೋದ್ಯೋಗಿಯನ್ನು ಭೇಟಿಯಾಗಿ, ಸ್ಟೇಪಲ್‌ಫರ್ಡ್ ಆಬಟ್ಸ್‌ನ ತಮ್ಮ ಮನೆಯ ಕಡೆ ಒಬ್ಬರೇ ನಡೆದು ಹೊರಟಿದ್ದರು. ದಾರಿಯಲ್ಲಿ ಬಂದ ಕಾರನ್ನು ತಡೆದರು. ಬೆಳಗ್ಗೆ ರಸ್ತೆಬದಿಯಲ್ಲಿ ಅವರ ಶವ ಸಿಕ್ಕಿತು, ಪೆನ್ಸಿಲ್ ಕೈಯಲ್ಲೇ ಇತ್ತು. ಕೊಂದವರು ಎರಡೂ ಕಣ್ಣುಗಳಿಗೆ ಗುಂಡು ಹೊಡೆದಿದ್ದರು. ಅದೇ ರಾತ್ರಿ ಎಸೆಕ್ಸ್‌ನ ಬಿಲರಿಕೆಯಿಂದ ಕದ್ದಿದ್ದ ಕಾರು ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಪತ್ತೆಯಾಯಿತು. ಒಳಗೆ ಒಂದು ಖಾಲಿ ತೋಟಾ ಬಿದ್ದಿತ್ತು.

ತನಿಖೆಯನ್ನು ಯಾರ್ಡಿನ ಚೀಫ್ ಇನ್‌ಸ್ಪೆಕ್ಟರ್ ಜೇಮ್ಸ್ ಬೆರೆಟ್ ನಡೆಸಿದರು. 1928ರ ಜನವರಿಯಲ್ಲಿ ಲಂಡನ್ನಿನ ಗ್ಯಾರೇಜ್ ಮಾಲೀಕ ಫ್ರೆಡರಿಕ್ ಬ್ರೌನ್ ಸಿಕ್ಕಿಬಿದ್ದ. ಅವನ ಬಳಿಯಿದ್ದ ವೆಬ್ಲಿ ರಿವಾಲ್ವರ್ ತೋಟಾದ ಹಿಂಬದಿಯಲ್ಲಿ ಮೂಡಿಸುವ ಗುರುತು ಕಾರಿನಲ್ಲಿ ಸಿಕ್ಕ ತೋಟಾದ ಗುರುತಿಗೆ ಸರಿಹೊಂದುತ್ತದೆಂದು ಬಂದೂಕು ತಜ್ಞ ರಾಬರ್ಟ್ ಚರ್ಚಿಲ್ ನ್ಯಾಯಾಲಯದಲ್ಲಿ ತೋರಿಸಿದರು. ಬ್ರೌನ್ ಮತ್ತು ಅವನ ಸಂಗಾತಿ ವಿಲಿಯಂ ಕೆನಡಿ ಇಬ್ಬರನ್ನೂ 1928ರ ಮೇ 31ರಂದು ಗಲ್ಲಿಗೇರಿಸಲಾಯಿತು. ತೋಟಾದ ಗುರುತಿನ ಸಾಕ್ಷ್ಯಕ್ಕೆ ಬ್ರಿಟನ್ನಿನಲ್ಲಿ ಹೆಸರು ತಂದ ಪ್ರಕರಣವೆಂದು ಇದನ್ನು ಸಾಮಾನ್ಯವಾಗಿ ಉಲ್ಲೇಖಿಸುತ್ತಾರೆ. ನಾನು ಇದನ್ನು ಆರಿಸಿದ್ದು ಬೇರೆ ಕಾರಣಕ್ಕೆ. ಕಳ್ಳರು ಕಾರಿನಲ್ಲಿದ್ದರು, ಪೊಲೀಸ್ ಕಾಲ್ನಡಿಗೆಯಲ್ಲಿದ್ದ. ಅವರು ಒಂದು ರಾತ್ರಿಯಲ್ಲಿ ಎರಡು ಪೊಲೀಸ್ ವ್ಯಾಪ್ತಿಗಳನ್ನು ದಾಟಿದರು, ಅವನ ಬೀಟು ಪಕ್ಕದ ಹಳ್ಳಿಗೆ ಮುಗಿಯುತ್ತಿತ್ತು. 1840ರಲ್ಲಿ ಎಳೆದ ಗೆರೆಗಳು ಮೋಟಾರು ಯುಗಕ್ಕೆ ಸಾಲವೆಂಬುದು ಆಗಲೇ ಎದ್ದು ಕಾಣುತ್ತಿತ್ತು.

ಮುಂದಿನದು ಗೆರೆಗಳನ್ನು ಅಳಿಸಿ ಬರೆದ ಕಥೆ. 1918 ಮತ್ತು 1919ರ ಪೊಲೀಸ್ ಮುಷ್ಕರಗಳ ನಂತರ ಡೆಸ್ಬರೋ ಸಮಿತಿಯ ಶಿಫಾರಸಿನಂತೆ ದೇಶದ ಎಲ್ಲ ಪಡೆಗಳಿಗೂ ಒಂದೇ ಸಂಬಳದ ಪ್ರಮಾಣ ಬಂತು. ಮುಷ್ಕರ ಮತ್ತು ಕಾರ್ಮಿಕ ಸಂಘ ನಿಷಿದ್ಧವಾಗಿ, ಬದಲಿಗೆ ಪೊಲೀಸರ ಪ್ರತಿನಿಧಿ ಸಂಸ್ಥೆಯಾದ ಪೊಲೀಸ್ ಫೆಡರೇಶನ್ ಹುಟ್ಟಿತು. 1965ರಲ್ಲಿ ಗ್ರೇಟರ್ ಲಂಡನ್ ರಚನೆಯಾದಾಗ ರಾಮ್‌ಫರ್ಡ್, ಹಾರ್ನ್‌ಚರ್ಚ್ ಪ್ರದೇಶಗಳು ಎಸೆಕ್ಸ್‌ನಿಂದ ಮೆಟ್ರೊಪಾಲಿಟನ್ ಪೊಲೀಸರ ಪಾಲಾದವು. 1966ರಲ್ಲಿ ಗೃಹ ಸಚಿವ ರಾಯ್ ಜೆಂಕಿನ್ಸ್ ಇಂಗ್ಲೆಂಡ್ ಮತ್ತು ವೇಲ್ಸ್‌ನ 117 ಪಡೆಗಳನ್ನು 49ಕ್ಕೆ ಇಳಿಸುವ ಯೋಜನೆ ಪ್ರಕಟಿಸಿದರು. ಅದರಂತೆ 1969ರಲ್ಲಿ ಸೌತೆಂಡ್ ಪಡೆ ಮತ್ತೆ ಎಸೆಕ್ಸ್ ಜೊತೆ ಸೇರಿತು. 1974ರಿಂದ ಅದರ ಹೆಸರು ಎಸೆಕ್ಸ್ ಪೊಲೀಸ್. ಆ ವರ್ಷದ ಮರುವಿಂಗಡಣೆಯ ನಂತರ ಉಳಿದ ಪಡೆಗಳು 43, ಇಂದಿಗೂ ಅಷ್ಟೇ.

ಅಧೀನದ ಪ್ರಶ್ನೆಯೂ ಹಾಗೆಯೇ ಮಾರ್ಪಟ್ಟಿತು. 1964ರ ಕಾಯ್ದೆಯು ಜಂಟಿ ಸಮಿತಿಯ ಬದಲು ಮೂರನೇ ಎರಡರಷ್ಟು ಕೌನ್ಸಿಲರುಗಳೂ ಮೂರನೇ ಒಂದರಷ್ಟು ಮ್ಯಾಜಿಸ್ಟ್ರೇಟರೂ ಇರುವ ಪೊಲೀಸ್ ಪ್ರಾಧಿಕಾರವನ್ನು ತಂದು, ಚೀಫ್ ಕಾನ್‌ಸ್ಟೆಬಲ್, ಪ್ರಾಧಿಕಾರ, ಗೃಹ ಸಚಿವ ಈ ಮೂವರ ನಡುವೆ ಅಧಿಕಾರವನ್ನು ಹಂಚಿತು. 2012ರ ನವೆಂಬರಿನಲ್ಲಿ ಪ್ರಾಧಿಕಾರಗಳ ಜಾಗಕ್ಕೆ ನೇರವಾಗಿ ಚುನಾಯಿತರಾದ ಪೊಲೀಸ್ ಮತ್ತು ಅಪರಾಧ ಆಯುಕ್ತರು ಬಂದರು. ಆಯವ್ಯಯ ನಿರ್ಧರಿಸುವುದು, ಚೀಫ್ ಕಾನ್‌ಸ್ಟೆಬಲ್‌ನನ್ನು ನೇಮಿಸುವುದು, ಅಗತ್ಯವಾದರೆ ತೆಗೆಯುವುದು ಅವರ ಕೆಲಸ. ಯಾರನ್ನು ಬಂಧಿಸಬೇಕು, ಯಾವ ತನಿಖೆ ಹೇಗೆ ನಡೆಯಬೇಕು ಎಂಬುದು ಮಾತ್ರ ಚೀಫ್ ಕಾನ್‌ಸ್ಟೆಬಲ್‌ನ ಸ್ವತಂತ್ರ ತೀರ್ಮಾನ. 2017ರಲ್ಲಿ ಎಸೆಕ್ಸ್‌ನ ಆಯುಕ್ತರಿಗೆ ಅಗ್ನಿಶಾಮಕ ಸೇವೆಯ ಹೊಣೆಯನ್ನೂ ಸೇರಿಸಲಾಯಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ಪ್ರದೇಶ ಅದು. ಕೊಲೆಯಂಥ ಗಂಭೀರ ಅಪರಾಧಗಳ ತನಿಖೆಗೆ ಈಗ ಲಂಡನ್ನಿನಿಂದ ಯಾರನ್ನೂ ಕರೆಸಬೇಕಾಗಿಲ್ಲ, ಏಕೆಂದರೆ ಥೇಮ್ಸ್ ನದಿಯ ಆಚೆಗಿನ ಕೆಂಟ್ ಪೊಲೀಸರೊಂದಿಗೆ ಎಸೆಕ್ಸ್ ಪೊಲೀಸರು ಆ ಕೆಲಸಕ್ಕೆಂದು ಜಂಟಿ ವಿಭಾಗವೊಂದನ್ನು ನಡೆಸುತ್ತಿದ್ದಾರೆ.